ಕಪಟವಿವಾಹದ ಲಕ್ಷಣ: ಕೊಡಗಿನ ಎರಡು ಪರಿಜೆಗಳ ಬೆಳಕಿನಲ್ಲಿ

ಒಂದು ದೇಶದ ಬಾಗಿಲನ್ನು ತೆರೆಯಿಸಿಕೊಳ್ಳುವುದಕ್ಕಾಗಿಯೇ ನಡೆಯುವ ವಿವಾಹಕ್ಕೆ ಈಚಿನ ಕಾನೂನಿನ ಭಾಷೆಯಲ್ಲಿ ಕಪಟವಿವಾಹವೆಂದು ಹೆಸರು. ಅದರಲ್ಲಿ ವರನಿರುತ್ತಾನೆ, ವಧುವಿರುತ್ತಾಳೆ, ಸಾಕ್ಷಿಗಳಿರುತ್ತಾರೆ, ದಾಖಲೆಯ ಪುಸ್ತಕದಲ್ಲಿ ಇಬ್ಬರ ರುಜುವೂ ಇರುತ್ತದೆ. ಇಲ್ಲದಿರುವುದು ಕೂಡಿ ಬಾಳಬೇಕೆಂಬ ಸಂಕಲ್ಪವೊಂದೇ. ಸುಭದ್ರೆಯ ಕಥೆಯಲ್ಲಿ ಅರ್ಜುನನು ಕಪಟ ಸಂನ್ಯಾಸಿಯಾಗಿ ದ್ವಾರಕೆಯನ್ನು ಹೊಕ್ಕನು. ಅಲ್ಲಿ ವೇಷವು ಸುಳ್ಳು, ವಿವಾಹವು ನಿಜ. ಇಲ್ಲಿ ಅದು ತಿರುಗುಮುರುಗಾಗಿದೆ. ವೇಷವೂ ವಿಧಿಯೂ ನಿಜವೇ, ವಿವಾಹವು ಸುಳ್ಳು.

ಹೊರಗಿನ ವಿಧಿಯೆಲ್ಲ ಸರಿಯಾಗಿದ್ದು ಒಳಗಿನ ಸಂಕಲ್ಪ ಮಾತ್ರ ಇಲ್ಲವೆಂಬುದನ್ನು ಮೂರನೆಯವರು ತಿಳಿಯುವುದು ಹೇಗೆ? ವಲಸೆಯ ಕಾನೂನುಗಳು ಈ ಪ್ರಶ್ನೆಗೆ ಬಹುಕಾಲ ಕೊಟ್ಟ ಉತ್ತರವು, ವಿವಾಹದ ಉದ್ದೇಶವನ್ನು ಪರೀಕ್ಷಿಸಬೇಕೆಂಬುದು. ಸಂಸಾರ ಹೂಡುವುದಲ್ಲದೆ ಬೇರೊಂದು ಉದ್ದೇಶ ಕಂಡುಬಂದರೆ ವಿವಾಹವು ಕಪಟವೆಂದು ಶಂಕಿಸಬಹುದೆಂದು ಅದರ ತಾತ್ಪರ್ಯ. ಮೇಲುನೋಟಕ್ಕೆ ಇದು ಸಮಂಜಸವಾಗಿ ತೋರಿದರೂ ವಿವಾಹಗಳ ಚರಿತ್ರೆಯನ್ನು ಬಲ್ಲವರಿಗೆ ಒಪ್ಪಿಗೆಯಾಗತಕ್ಕುದಲ್ಲ. ವಂಶ, ಭೂಮಿ, ಬಾಂಧವ್ಯ, ರಕ್ಷಣೆ, ಋಣ ಇವುಗಳಲ್ಲಿ ಒಂದನ್ನೂ ಉದ್ದೇಶಿಸದೆ ನಡೆದ ಮದುವೆಗಳು ಯಾವ ಸಮಾಜದಲ್ಲಾದರೂ ಎಷ್ಟಿದ್ದೀತು? ಉದ್ದೇಶವು ಬೇರೆ, ಕಪಟವು ಬೇರೆ ಎಂಬುದನ್ನು ಬಿಡಿಸಿ ನೋಡುವುದಕ್ಕೆ ಕೊಡಗಿನಲ್ಲಿ ಒಂದು ಒಳ್ಳೆಯ ಉದಾಹರಣೆಯುಂಟು.

ಕೊಡವರ ಸಮಾಜವು ಒಕ್ಕಗಳಿಂದ ಕೂಡಿದುದು. ಒಬ್ಬ ಮೂಲಪುರುಷನಿಂದ ಗಂಡುಸಂತತಿಯ ಮೂಲಕ ಬೆಳೆದ ಕುಟುಂಬವೇ ಒಕ್ಕ. ಅದಕ್ಕೆ ಒಂದು ಮನೆತನದ ಹೆಸರು, ಒಂದು ಐನ್‌ಮನೆ, ಕಾರಣವನ ಪೂಜೆ, ಪೂರ್ವದಲ್ಲಿ ವಿಭಾಗಕ್ಕೂ ಪರಾಧೀನಕ್ಕೂ ಒಳಗಾಗದಿದ್ದ ಜಮ್ಮಾ ಭೂಮಿ ಇರುತ್ತವೆ. ಒಕ್ಕದೊಳಗಿನವನೆನ್ನಿಸಿಕೊಳ್ಳುವುದು ಬರಿಯ ಗೌರವದ ಮಾತಲ್ಲ. ಅದರಿಂದ ಭೂಮಿಯ ಹಕ್ಕು ಬರುತ್ತಿತ್ತು, ನಾಡಿನ ಕೂಟದಲ್ಲಿ ಸ್ಥಾನ ಬರುತ್ತಿತ್ತು. ಕೋವಿಯ ವಿಷಯವನ್ನು ನೋಡಿದರೆ ಇದು ಇಂದಿಗೂ ಪೂರ್ತಿಯಾಗಿ ಹಳೆಯ ಮಾತಾಗಿಲ್ಲವೆಂದು ತಿಳಿಯುತ್ತದೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆಯುಧಗಳ ಕಾಯಿದೆಯ ಪರವಾನಗಿಯಿಂದ ಬ್ರಿಟಿಷರ ಕಾಲದಲ್ಲಿ ದೊರೆತ ವಿನಾಯಿತಿಯನ್ನು ಕೇಂದ್ರ ಸರ್ಕಾರವು ೨೦೧೯ರಲ್ಲಿ ಮತ್ತೆ ಹತ್ತು ವರ್ಷಗಳ ಮಟ್ಟಿಗೆ ಮುಂದುವರಿಸಿತು. ಯಾವನು ಯಾವ ಒಕ್ಕದವನೆಂಬ ಪ್ರಶ್ನೆಗೆ ಸರ್ಕಾರದ ಕಛೇರಿಯಲ್ಲಿಯೂ ಬೆಲೆಯುಂಟೆಂದಾಯಿತು. ಆದಕಾರಣ ಒಕ್ಕವನ್ನು ಒಂದು ಸಣ್ಣ ರಾಜ್ಯಕ್ಕೂ ಒಕ್ಕದ ಸದಸ್ಯತ್ವವನ್ನು ಪೌರತ್ವಕ್ಕೂ ಹೋಲಿಸುವುದು ಅತಿಶಯೋಕ್ತಿಯಾಗಲಾರದು.

ಈ ಸಣ್ಣ ರಾಜ್ಯದೊಳಕ್ಕೆ ಹುಟ್ಟಿನಿಂದ ಬರುವವರು ಬಹುಮಂದಿ. ಮದುವೆಯಿಂದ ಬರುವವರು ಸಾಮಾನ್ಯವಾಗಿ ಹೆಣ್ಣುಮಕ್ಕಳು. ಆದರೆ ಒಂದು ಒಕ್ಕದಲ್ಲಿ ಗಂಡುಸಂತಾನವೇ ಇಲ್ಲದೆ ಮನೆತನದ ಹೆಸರು ಅಳಿಯುವ ಕಾಲ ಬಂದಾಗ ಗಂಡಸನ್ನು ಮದುವೆಯ ಮೂಲಕ ಒಳಗೆ ತರುವ ಏರ್ಪಾಡುಗಳು ಇದ್ದುವು. ಅವುಗಳಿಗೆ ಒಕ್ಕಪರಿಜೆ, ಮಕ್ಕಪರಿಜೆ ಎಂದು ಹೆಸರು. ಒಕ್ಕಪರಿಜೆಯಲ್ಲಿ ವರನು ತಾನು ಹುಟ್ಟಿದ ಒಕ್ಕದ ಹಕ್ಕನ್ನು ಬಿಟ್ಟುಕೊಟ್ಟು ಹೆಂಡತಿಯ ಒಕ್ಕಕ್ಕೆ ಸೇರಿ ಅದರ ಹೆಸರನ್ನು ಪಡೆಯುತ್ತಿದ್ದನು. ಮಕ್ಕಪರಿಜೆಯಲ್ಲಿ ಅವನು ತನ್ನ ಮೂಲದ ಒಕ್ಕದವನಾಗಿಯೇ ಉಳಿಯುತ್ತಿದ್ದನು. ಹೆಂಡತಿಯ ಒಕ್ಕಕ್ಕೆ ಸೇರತಕ್ಕವರು ಅವಳಲ್ಲಿ ಹುಟ್ಟಿದ ಮಕ್ಕಳು ಮಾತ್ರ. ನಡಿಕೇರಿಯಂಡ ಚಿಣ್ಣಪ್ಪನವರ ‘ಪಟ್ಟೋಲೆ ಪಳಮೆ’ಯನ್ನೂ (೧೯೨೪) ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ ಮತ್ತು ಸಮಾಜವನ್ನು ಕುರಿತು ೧೯೫೨ರಲ್ಲಿ ಪ್ರಕಟಿಸಿದ ಗ್ರಂಥವನ್ನೂ ಕೊಡವರ ವಿವಾಹಾಚಾರಗಳಿಗೆ ಮುಖ್ಯವಾದ ಆಧಾರಗಳೆಂದು ಹೇಳಬೇಕು.

ಮಕ್ಕಪರಿಜೆಯನ್ನು ಇಂದಿನ ವಲಸೆಯ ಅಧಿಕಾರಿಯೊಬ್ಬನ ಮುಂದೆ ಇಟ್ಟರೆ ಅವನು ಏನೆಂದಾನು? ವಿವಾಹದ ಮುಖ್ಯೋದ್ದೇಶವು ಮನೆತನದ ಹೆಸರನ್ನೂ ಭೂಮಿಯನ್ನೂ ಉಳಿಸಿಕೊಳ್ಳುವುದು. ಗಂಡನು ಹೆಂಡತಿಯ ಮನೆಗೆ ಪೂರ್ತಿಯಾಗಿ ಸೇರಿದವನಲ್ಲ. ಯಾರಿಗೆ ಯಾವ ಹಕ್ಕೆಂಬುದು ಮದುವೆಗೆ ಮೊದಲೇ ಚೌಕಾಸಿಯಾಗಿ ನಿಷ್ಕರ್ಷೆಯಾಗಿದೆ. ಉದ್ದೇಶವೇ ಒರೆಗಲ್ಲಾದರೆ ಇದಕ್ಕಿಂತ ಹೆಚ್ಚಿನ ಕಪಟವಿವಾಹವಿಲ್ಲ. ಆದರೂ ಕೊಡಗಿನಲ್ಲಿ ಇದನ್ನು ಯಾರೂ ವಂಚನೆಯೆಂದು ಎಣಿಸಲಿಲ್ಲ. ಕಾರಣವು ಸ್ಪಷ್ಟವಾಗಿದೆ. ಈ ಉದ್ದೇಶವು ಯಾರಿಂದಲೂ ಮರೆಯಾಗಿರಲಿಲ್ಲ. ಹಕ್ಕನ್ನು ಕೊಡತಕ್ಕವರು ಒಕ್ಕದ ಹಿರಿಯರು. ಷರತ್ತುಗಳು ನಿಷ್ಕರ್ಷೆಯಾಗುತ್ತಿದ್ದುದು ಅವರ ಸಮಕ್ಷಮದಲ್ಲಿಯೇ. ಅವರು ತಿಳಿದು ಬಾಗಿಲು ತೆರೆದರು. ಆದುದರಿಂದ ಒಳಗೆ ಬಂದವನು ಕಳ್ಳನಲ್ಲ.

ಸಾಮಾನ್ಯವಾದ ಕೊಡವ ಮದುವೆಯಲ್ಲಿಯೂ ಈ ಪ್ರಕಟತೆಯು ಎದ್ದು ಕಾಣುತ್ತದೆ. ವಧೂವರರು ಮುಕ್ಕಾಲಿಯ ಮೇಲೆ ಪೂರ್ವಾಭಿಮುಖವಾಗಿ ಕುಳಿತಿರುತ್ತಾರೆ. ಹಿರಿಯರೂ ಬಂಧುಗಳೂ ಒಬ್ಬೊಬ್ಬರಾಗಿ ಬಂದು ಅಕ್ಕಿ ಹಾಕಿ ಹರಸಿ, ಕಿಂಡಿಯಿಂದ ಹಾಲು ಕುಡಿಯಿಸಿ, ನಾಣ್ಯವನ್ನು ಕಾಣಿಕೆಯಾಗಿ ಕೊಡುತ್ತಾರೆ. ಪುರೋಹಿತನಿಲ್ಲ, ಅಗ್ನಿಯ ಪ್ರದಕ್ಷಿಣೆಯಿಲ್ಲ. ವಿವಾಹಕ್ಕೆ ಕಾನೂನಿನ ಬಲ ಬರುವುದು ಸಂಬಂಧ ಕೊಡುವ ಶಾಸ್ತ್ರದಲ್ಲಿ ಎಂದು ಹೇಳಬಹುದು. ಆಗ ಎರಡು ಕಡೆಯ ಅರುವರು ಎದುರುಬದರಾಗಿ ನಿಂತು ಪ್ರಶ್ನೋತ್ತರ ರೂಪದಲ್ಲಿ ವಧುವಿಗೆ ಹೊಸ ಮನೆಯಲ್ಲಿ ಬರತಕ್ಕ ಹಕ್ಕುಗಳನ್ನು ಹೇಳಿಸುತ್ತಾರೆ. ಹಕ್ಕಿನ ಗುರುತಾಗಿ ಸಣ್ಣ ಹರಳುಗಳನ್ನು ಒಂದು ಕಡೆಯ ಅರುವನು ಇನ್ನೊಂದು ಕಡೆಯ ಅರುವನಿಗೆ ಒಪ್ಪಿಸುತ್ತಾನೆ. ಅರುವನೆಂದರೆ ಒಕ್ಕಕ್ಕೆ ಹಿತೈಷಿಯೂ ಸಾಕ್ಷಿಯೂ ಹೊಣೆಗಾರನೂ ಆದ ಅನ್ಯ ಒಕ್ಕದವನು. ಮುಂದೆ ವಧುವಿಗೆ ಅನ್ಯಾಯವಾದರೆ ಕೇಳತಕ್ಕವನು ಅವನೇ. ಸಾಕ್ಷಿಯೂ ಹೊಣೆಯೂ ಒಬ್ಬನಲ್ಲಿಯೇ ಕೂಡಿರುವುದು ಗಮನಿಸತಕ್ಕ ಅಂಶ. ರಿಜಿಸ್ಟ್ರಾರರ ಪುಸ್ತಕದಲ್ಲಿ ರುಜು ಹಾಕಿ ಹೋಗುವ ಸಾಕ್ಷಿಗೆ ಮರುದಿನದಿಂದ ಯಾವ ಹೊಣೆಯೂ ಇರುವುದಿಲ್ಲ.

ಒಂದು ಪ್ರಯಾಣಕ್ಕಾಗಲಿ ಒಂದು ವಿವಾಹಕ್ಕಾಗಲಿ ಎರಡು ಉದ್ದೇಶಗಳು ಬೆರೆತಿರಬಹುದೆಂಬುದಕ್ಕೆ ಮಡಿಕೇರಿಯ ಅರಮನೆಯ ಚರಿತ್ರೆಯೇ ಸಾಕ್ಷಿ. ಮಾಸ್ತಿಯವರ ೧೯೫೬ರ ಕಾದಂಬರಿಯಿಂದ ಕನ್ನಡಿಗರಿಗೆ ಚಿರಪರಿಚಿತನಾದ ಚಿಕವೀರರಾಜೇಂದ್ರನು ೧೮೩೪ರಲ್ಲಿ ಪದಚ್ಯುತನಾಗಿ ಮಡಿಕೇರಿಯನ್ನು ಬಿಟ್ಟು ಕಾಶಿಯಲ್ಲಿ ನೆಲಸಿದನು. ಅವನು ಸಮುದ್ರಯಾನಕ್ಕೆ ಕಂಪೆನಿಯ ಸರ್ಕಾರದ ಅಪ್ಪಣೆಯನ್ನು ಬೇಡಿದಾಗ ಕೊಟ್ಟ ಕಾರಣವು ಮಗಳಾದ ಗೌರಮ್ಮನಿಗೆ ಇಂಗ್ಲೆಂಡಿನಲ್ಲಿ ಕ್ರೈಸ್ತ ಶಿಕ್ಷಣವನ್ನು ಕೊಡಿಸುವುದು. ೧೮೫೨ರಲ್ಲಿ ಅವನು ಮಗಳೊಡನೆ ಲಂಡನ್ನಿಗೆ ಹೋದನು. ಆ ವರ್ಷವೇ ಅವಳಿಗೆ ದೀಕ್ಷಾಸ್ನಾನವಾಯಿತು. ವಿಕ್ಟೋರಿಯ ರಾಣಿಯು ಧರ್ಮಮಾತೆಯಾಗಿ ತನ್ನ ಹೆಸರನ್ನೇ ಕೊಟ್ಟಳು. ಹೇಳಿದ ಉದ್ದೇಶ ಸುಳ್ಳಾಗಲಿಲ್ಲ. ಆದರೆ ಅರಸನು ಕಂಪೆನಿಯಲ್ಲಿದ್ದ ತನ್ನ ಮನೆತನದ ಹಣಕ್ಕಾಗಿ ಅಲ್ಲಿಯ ನ್ಯಾಯಾಸ್ಥಾನದಲ್ಲಿ ಕಂಪೆನಿಯ ಮೇಲೆಯೇ ವ್ಯಾಜ್ಯ ಹೂಡಿದಾಗ, ಹೇಳದೆ ಇದ್ದ ಉದ್ದೇಶವೂ ಹೊರಬಿದ್ದಿತು. ಅವನು ೧೮೫೯ರಲ್ಲಿ ಲಂಡನ್ನಿನಲ್ಲಿಯೇ ಕಾಲವಾದನು, ವ್ಯಾಜ್ಯವೂ ಫಲಿಸಲಿಲ್ಲ.

ಇನ್ನು ಗೌರಮ್ಮನ ಮದುವೆ. ಪಂಜಾಬಿನ ಪದಚ್ಯುತ ಮಹಾರಾಜನಾದ ದುಲೀಪಸಿಂಗನಿಗೆ ಅವಳನ್ನು ಕೊಡಬೇಕೆಂದು ರಾಣಿಯ ಅಪೇಕ್ಷೆಯಿತ್ತು. ರಾಜ್ಯ ಕಳೆದುಕೊಂಡ ಎರಡು ಮನೆತನಗಳ ಕ್ರೈಸ್ತ ಸಂತಾನವನ್ನು ಒಂದುಗೂಡಿಸುವ ಆ ಯೋಚನೆಯಲ್ಲಿ ವಾತ್ಸಲ್ಯವೆಷ್ಟು, ರಾಜನೀತಿಯೆಷ್ಟು ಎಂಬುದನ್ನು ತೂಗಿ ಹೇಳುವುದು ಸುಲಭವಲ್ಲ. ಅದು ಕೈಗೂಡದೆ ೧೮೬೦ರಲ್ಲಿ ಅವಳಿಗಿಂತ ಬಹಳ ಹಿರಿಯನಾದ ಕರ್ನಲ್ ಜಾನ್ ಕ್ಯಾಂಬೆಲ್ಲನೊಡನೆ ವಿವಾಹವಾಯಿತು. ಒಂದು ಹೆಣ್ಣುಮಗುವಿನ ತಾಯಿಯಾಗಿ, ಇಪ್ಪತ್ತಮೂರು ವರ್ಷ ತುಂಬುವ ಮೊದಲೇ ೧೮೬೪ರಲ್ಲಿ ತೀರಿಕೊಂಡಳು. ಸುತ್ತಲಿನವರೆಲ್ಲರೂ ಒಂದೊಂದು ಉದ್ದೇಶವನ್ನಿಟ್ಟುಕೊಂಡು ಏರ್ಪಡಿಸಲೆತ್ನಿಸಿದ ಈ ಸಂಬಂಧಗಳಲ್ಲಿ ಯಾವುದನ್ನೂ ಆ ಕಾಲದ ಕಾನೂನು ಕಪಟವೆಂದು ಕರೆಯುತ್ತಿರಲಿಲ್ಲ. ಅರಸುಮನೆತನಗಳಲ್ಲಿ ಅದೇ ಸಹಜವಾದ ವಿವಾಹ.

ಮದುವೆಯ ಮೇಲೆ ಗಡಿಯ ಅಧಿಕಾರಿಯ ದೃಷ್ಟಿ ಬಿದ್ದುದು, ಗಡಿಯನ್ನು ದಾಟುವುದಕ್ಕೆ ರಹದಾರಿಯೂ ಅಪ್ಪಣೆಯೂ ಬೇಕೆಂದಾದ ಮೇಲೆ. ಆ ದೃಷ್ಟಿಯು ಮೊದಲು ಹಿಡಿದದ್ದು ಕಪಟವನ್ನಲ್ಲ, ಆಚಾರಭೇದವನ್ನು. ದಕ್ಷಿಣ ಆಫ್ರಿಕದಲ್ಲಿ ೧೯೧೩ರ ಮಾರ್ಚಿಯಲ್ಲಿ ನ್ಯಾಯಾಧಿಪತಿ ಸರ್ಲ್ ಕೊಟ್ಟ ತೀರ್ಪು ಇದಕ್ಕೆ ಪ್ರಸಿದ್ಧವಾದ ಉದಾಹರಣೆ. ಬಹುಪತ್ನೀತ್ವಕ್ಕೆ ಅವಕಾಶವಿರುವ ಧರ್ಮದ ವಿಧಿಯಿಂದ ನಡೆದ ಮದುವೆಯು ವಲಸೆಯ ಕಾನೂನಿನ ದೃಷ್ಟಿಯಲ್ಲಿ ಮದುವೆಯಲ್ಲವೆಂದು ಆ ತೀರ್ಪಿನ ಸಾರ. ಹಡಗಿನಿಂದಿಳಿದ ಹೆಂಡತಿಯು ಹೆಂಡತಿಯಲ್ಲವಾದಳು. ದೇಶಾಂತರದಲ್ಲಿದ್ದ ಹಿಂದೂ ಮುಸಲ್ಮಾನ ಸಂಸಾರಗಳೆಲ್ಲ ಒಂದೇ ಮಾತಿನಿಂದ ಅಕ್ರಮವಾದುವು. ಆ ವರ್ಷದ ಸತ್ಯಾಗ್ರಹದಲ್ಲಿ ಕಸ್ತೂರಬಾ ಮೊದಲಾದ ಸ್ತ್ರೀಯರು ಸೆರೆಮನೆಗೆ ಹೋದುದಕ್ಕೆ ಇದೇ ಮುಖ್ಯವಾದ ಕಾರಣ. ೧೯೧೪ರ ಭಾರತೀಯರ ಪರಿಹಾರ ಕಾಯಿದೆಯು ಈ ದೋಷವನ್ನು ತಕ್ಕಮಟ್ಟಿಗೆ ಸರಿಪಡಿಸಿತು. ಯಾರೂ ಯಾರನ್ನೂ ವಂಚಿಸದಿರುವಾಗಲೂ ಕಾನೂನು ಒಂದು ವಿವಾಹವನ್ನು ಇಲ್ಲವೆನ್ನಬಲ್ಲುದೆಂಬುದು ಈ ಪ್ರಕರಣದಿಂದ ತಿಳಿಯುತ್ತದೆ.

ಇದಕ್ಕೆ ವಿರುದ್ಧವಾದ ನಿದರ್ಶನವನ್ನು ಇಂಗ್ಲಿಷ್ ಸಾಹಿತ್ಯದ ಅಧ್ಯಾಪಕರು ಬಲ್ಲರು. ೧೯೩೫ರ ಜೂನ್ ೧೫ರಂದು ಕವಿ ಡಬ್ಲ್ಯು. ಎಚ್. ಆಡನ್ ಇಂಗ್ಲೆಂಡಿನ ಲೆಡ್ಬರಿ ಎಂಬ ಪೇಟೆಯಲ್ಲಿ ಎರಿಕ ಮನ್ ಎಂಬಾಕೆಯನ್ನು ಮದುವೆಯಾದನು. ಆಕೆ ಕಾದಂಬರಿಕಾರ ಥಾಮಸ್ ಮನ್ನನ ಮಗಳು. ನಾಜಿಗಳನ್ನು ಹಾಸ್ಯಮಾಡುವ ರಂಗತಂಡವನ್ನು ಕಟ್ಟಿಕೊಂಡು ದೇಶಭ್ರಷ್ಟಳಾಗಿ ಜರ್ಮನಿಯ ಪೌರತ್ವಕ್ಕೆ ಎರವಾದವಳು. ಮದುವೆಗೆ ಮುಂಚೆ ವಧೂವರರು ಒಬ್ಬರನ್ನೊಬ್ಬರು ಕಂಡವರಲ್ಲ. ಕೂಡಿ ಸಂಸಾರ ಮಾಡುವ ಯೋಚನೆ ಇಬ್ಬರಿಗೂ ಇರಲಿಲ್ಲ. ಬೇಕಾಗಿದ್ದುದು ಬ್ರಿಟಿಷ್ ರಹದಾರಿ. ಆಗಿನ ಕಾನೂನಿನಂತೆ ಬ್ರಿಟಿಷ್ ಪ್ರಜೆಯ ಕೈಹಿಡಿದ ಪರದೇಶದ ಹೆಂಗಸು ಆ ಕ್ಷಣದಿಂದಲೇ ಬ್ರಿಟಿಷ್ ಪ್ರಜೆಯಾಗುತ್ತಿದ್ದಳು. ಆಡನ್ ಮಾರನೆಯ ವರ್ಷ ಪ್ರಕಟಿಸಿದ ಕವನಸಂಗ್ರಹವನ್ನು ಆಕೆಗೆ ಅರ್ಪಿಸಿದನು. ಆಕೆ ೧೯೬೯ರಲ್ಲಿ ತೀರಿಕೊಳ್ಳುವವರೆಗೂ ಆ ವಿವಾಹವು ರದ್ದಾಗಲಿಲ್ಲ. ಆಡನ್ನನ ಪ್ರೇರಣೆಯಿಂದ ೧೯೩೬ರಲ್ಲಿ ಜಾನ್ ಹ್ಯಾಂಪ್ಸನ್ ಎಂಬ ಕಾದಂಬರಿಕಾರನು ಎರಿಕಳ ಗೆಳತಿಯಾದ ನಟಿ ಥೆರೆಸ ಗೀಸೆಯನ್ನು ಇದೇ ರೀತಿಯಲ್ಲಿ ವಿವಾಹವಾದನು.

ಇವು ಕಪಟವಿವಾಹಗಳೇ? ಈಗಿನ ಕಾನೂನಿನಂತೆ ಹೌದೆನ್ನಬೇಕು. ಆದರೆ ಆ ಕಾಲದ ಕಾನೂನು ವಿಧಿಯೊಂದನ್ನೇ ಕೇಳಿತು; ಸಂಕಲ್ಪವನ್ನು ಕೇಳಲಿಲ್ಲ. ಕೇಳದ ಪ್ರಶ್ನೆಗೆ ಸುಳ್ಳುತ್ತರ ಕೊಟ್ಟರೆಂದು ಯಾರ ಮೇಲೂ ದೋಷವನ್ನು ಹೊರಿಸಲಾಗದು. ಹೆಂಡತಿಗೆ ಗಂಡನ ಪೌರತ್ವವಲ್ಲದೆ ಬೇರೊಂದು ಪೌರತ್ವ ಸಲ್ಲದೆಂಬ ನಿಯಮವು ಸ್ವಂತ ದೇಶದ ಎಷ್ಟೋ ಮಂದಿ ಸ್ತ್ರೀಯರನ್ನು ಪರದೇಶದವರನ್ನಾಗಿ ಮಾಡಿತ್ತು. ಅದೇ ನಿಯಮವು ಈ ಇಬ್ಬರು ಸ್ತ್ರೀಯರ ಪ್ರಾಣಕ್ಕೆ ರಕ್ಷೆಯಾಯಿತು. ಅದನ್ನು ಕಾನೂನಿನ ಔದಾರ್ಯವೆನ್ನುವುದಕ್ಕಿಂತ ಅಲಕ್ಷ್ಯವೆನ್ನುವುದು ಸರಿ.

ಅಲಕ್ಷ್ಯದ ಬೆಲೆ ಎಷ್ಟೆಂಬುದು ಮುಂದೆ ತಿಳಿಯಿತು. ೧೯೫೪ರಲ್ಲಿ ಬೆಲ್ಜಿಯಂ ದೇಶದ ಹೆಂಗಸೊಬ್ಬಳು ಗಡೀಪಾರಾಗುವುದನ್ನು ತಪ್ಪಿಸಿಕೊಳ್ಳಲು ಲಂಡನ್ನಿನಲ್ಲಿ ಒಬ್ಬ ಬಡ ಬ್ರಿಟಿಷ್ ಪ್ರಜೆಯನ್ನು ಮದುವೆಯಾದಳು. ವರನಿಗೆ ದೊರೆತದ್ದು ಸ್ವಲ್ಪ ಹಣ ಮತ್ತು ದಕ್ಷಿಣ ಆಫ್ರಿಕಕ್ಕೆ ಪ್ರಯಾಣದ ಚೀಟಿ. ೧೯೭೦ರಲ್ಲಿ ಆಕೆ ಇಟಲಿಯಲ್ಲಿ ಒಬ್ಬ ಹಣವಂತನನ್ನು ಮದುವೆಯಾಗಲು, ಅವನು ಮದುವೆಯ ದಿನವೇ ಸತ್ತನು. ಅವನ ಆಸ್ತಿಗೆ ಹಕ್ಕುದಾರಳಾಗಬೇಕಾದರೆ ಮೊದಲನೆಯ ಮದುವೆಯು ಮದುವೆಯೇ ಅಲ್ಲವೆಂದು ಆಕೆಯೇ ಸ್ಥಾಪಿಸಬೇಕಾಯಿತು. ಇಂಗ್ಲಿಷ್ ನ್ಯಾಯಾಸ್ಥಾನವು ಒಪ್ಪಲಿಲ್ಲ: ವಿಧಿಪೂರ್ವಕವಾಗಿ, ಪರಸ್ಪರ ಸಮ್ಮತಿಯಿಂದ ನಡೆದ ವಿವಾಹವು ಯಾವ ಉದ್ದೇಶದಿಂದ ನಡೆದಿದ್ದರೂ ವಿವಾಹವೇ. ಬೆಲ್ಜಿಯಂ ದೇಶದ ನ್ಯಾಯಾಸ್ಥಾನವು ಅದೇ ವಿವಾಹವನ್ನು ಕಪಟವೆಂದು ರದ್ದುಮಾಡಿತು. ೧೯೮೨ರಲ್ಲಿ ಇಂಗ್ಲೆಂಡಿನ ಪ್ರಭುಸಭೆಯು ಆ ರದ್ದತಿಯನ್ನು ಮನ್ನಿಸಲು ಒಪ್ಪಲಿಲ್ಲ. ಒಂದೇ ವಿವಾಹವು ಸಮುದ್ರದ ಈಚೆ ಸಿಂಧು, ಆಚೆ ಅಸಿಂಧು! ಹದಿನಾರು ವರ್ಷಗಳ ಹಿಂದೆ ತಾನೇ ಹೂಡಿದ ಬಲೆಯಲ್ಲಿ ಆಕೆಯೇ ಸಿಕ್ಕಿಬಿದ್ದಳೆಂದು ನೀತಿಕಥೆಯಂತೆ ಹೇಳಬಹುದಾದರೂ ನ್ಯಾಯಶಾಸ್ತ್ರಕ್ಕೆ ಬೇಕಾದ ಪಾಠವು ಬೇರೆ. ವಿವಾಹವು ಊರ್ಜಿತವೇ ಎಂಬುದು ಒಂದು ಪ್ರಶ್ನೆ. ಆ ವಿವಾಹದಿಂದ ದೇಶದ ಬಾಗಿಲು ತೆರೆಯಬೇಕೆ ಎಂಬುದು ಇನ್ನೊಂದು.

ಅಮೆರಿಕದ ಶ್ರೇಷ್ಠ ನ್ಯಾಯಾಸ್ಥಾನವು ಈ ಎರಡು ಪ್ರಶ್ನೆಗಳನ್ನು ೧೯೫೩ರಲ್ಲಿಯೇ ಬೇರೆ ಮಾಡಿತ್ತು. ಯುದ್ಧಾನಂತರ ಸೈನಿಕರ ಪತಿಪತ್ನಿಯರನ್ನು ಬೇಗನೆ ಒಳಕ್ಕೆ ಬಿಟ್ಟುಕೊಳ್ಳುವುದಕ್ಕಾಗಿ ೧೯೪೫ರಲ್ಲಿ ಅಲ್ಲಿ ಒಂದು ಕಾಯಿದೆಯಾಯಿತು. ೧೯೪೭ರಲ್ಲಿ ಮೂವರು ಮಾಜಿ ಸೈನಿಕರು ಪ್ಯಾರಿಸಿನಲ್ಲಿ ಒಂದೇ ಕುಟುಂಬದ ಮೂವರು ನಿರಾಶ್ರಿತರನ್ನು ಮದುವೆಯಾಗಿ ಈ ಕಾಯಿದೆಯ ಮೇಲೆ ಕರೆತಂದರು. ದೇಶವನ್ನು ಹೊಕ್ಕೊಡನೆ ಬೇರೆಬೇರೆಯಾದರು. ಫ್ರೆಂಚ್ ಕಾನೂನಿನಲ್ಲಿ ಆ ಮದುವೆಗಳು ಊರ್ಜಿತವೋ ಅಲ್ಲವೋ ಎಂಬುದು ಇಲ್ಲಿ ಅಪ್ರಸ್ತುತವೆಂದೂ, ಕೂಡಿ ಬಾಳುವ ಸಂಕಲ್ಪವಿಲ್ಲದೆ ದಂಪತಿಗಳೆಂದು ಸರ್ಕಾರಕ್ಕೆ ಹೇಳಿಕೊಂಡುದೇ ವಂಚನೆಯೆಂದೂ ಬಹುಮತದ ತೀರ್ಪು. ಊರ್ಜಿತವಾದ ವಿವಾಹವನ್ನು ವಿವಾಹವೆಂದು ಹೇಳಿದುದು ಸುಳ್ಳಾಗುವುದು ಹೇಗೆಂಬ ಆಕ್ಷೇಪವನ್ನು ಎತ್ತಿ ಮೂವರು ನ್ಯಾಯಾಧಿಪತಿಗಳು ಭಿನ್ನಾಭಿಪ್ರಾಯವನ್ನು ಕೊಟ್ಟರು. ಆ ಆಕ್ಷೇಪವು ಇಂದಿಗೂ ಪೂರ್ತಿಯಾಗಿ ಪರಿಹಾರವಾಗಿದೆಯೆನ್ನಲಾಗದು. ಆದರೂ ಬಹುಮತದ ಮಾರ್ಗವು ಕೊಡಗಿನ ಹಿರಿಯರ ಮಾರ್ಗಕ್ಕೆ ಸಮೀಪವಾದುದೆಂಬುದನ್ನು ಒಪ್ಪಬೇಕು. ದೋಷವಿರುವುದು ಉದ್ದೇಶದಲ್ಲಲ್ಲ, ಹಕ್ಕನ್ನು ಕೊಡತಕ್ಕವರಿಂದ ನಿಜವನ್ನು ಮರೆಮಾಡುವುದರಲ್ಲಿ. ೧೯೭೫ರಲ್ಲಿ ಅಲ್ಲಿಯ ಒಂದು ಮೇಲ್ಮನವಿಯ ನ್ಯಾಯಾಸ್ಥಾನವು ಈ ಲಕ್ಷಣವನ್ನು ಇನ್ನೂ ಖಚಿತಗೊಳಿಸಿತು: ವಿವಾಹಕಾಲದಲ್ಲಿ ಕೂಡಿ ಬಾಳುವ ಸಂಕಲ್ಪವಿದ್ದಿತೇ ಎಂಬುದೊಂದೇ ಪ್ರಶ್ನೆ, ಆಮೇಲೆ ಬೇರೆಯಾದರೆಂಬುದರಿಂದ ಮಾತ್ರ ಕಪಟವು ಸಿದ್ಧವಾಗುವುದಿಲ್ಲ.

ಬ್ರಿಟನ್ನು ಹಿಡಿದ ದಾರಿ ಬೇರೆಯಾಯಿತು. ಅದರ ಭಾರವು ಭಾರತೀಯರ ಮೇಲೆಯೇ ವಿಶೇಷವಾಗಿ ಬಿದ್ದಿತು. ೧೯೭೯ರ ಜನವರಿಯಲ್ಲಿ, ಮದುವೆಯಾಗುವುದಕ್ಕೆಂದು ಲಂಡನ್ನಿನ ವಿಮಾನನಿಲ್ದಾಣಕ್ಕೆ ಬಂದ ಭಾರತೀಯ ಉಪಾಧ್ಯಾಯಿನಿಯೊಬ್ಬಳನ್ನು, ಆಕೆ ನಿಜವಾಗಿಯೂ ಅವಿವಾಹಿತೆಯೇ ಎಂದು ತಿಳಿಯುವ ನೆವದಿಂದ, ಹೇಳಲು ನಾಚಿಕೆಯಾಗುವಂತಹ ದೇಹಪರೀಕ್ಷೆಗೆ ಗುರಿಮಾಡಿದರು. ಸುದ್ದಿ ಹೊರಬಿದ್ದ ಮೇಲೆ ಆ ಪದ್ಧತಿ ನಿಂತಿತು. ಮಾರನೆಯ ವರ್ಷದಿಂದ ಉದ್ದೇಶದ ಪರೀಕ್ಷೆಯು ನಿಯಮರೂಪವನ್ನು ತಾಳಿತು. ಬ್ರಿಟನ್ನಿನಲ್ಲಿರುವ ಹೆಂಡತಿಯ ಬಳಿಗೆ ಬರುವ ಗಂಡನು, ಆ ದೇಶದಲ್ಲಿ ನೆಲಸುವುದು ತನ್ನ ವಿವಾಹದ ಮುಖ್ಯೋದ್ದೇಶವಲ್ಲವೆಂದು ತಾನೇ ಸಿದ್ಧಪಡಿಸಬೇಕಾಯಿತು. ಐರೋಪ್ಯ ಮಾನವಹಕ್ಕುಗಳ ನ್ಯಾಯಾಸ್ಥಾನವು ೧೯೮೫ರಲ್ಲಿ ಸ್ತ್ರೀಪುರುಷರಲ್ಲಿ ಭೇದವೆಣಿಸುವುದು ತಪ್ಪೆಂದುದಕ್ಕೆ, ಆ ಸರ್ಕಾರವು ಗಂಡಂದಿರ ಮೇಲಿನ ಭಾರವನ್ನು ಇಳಿಸದೆ ಹೆಂಡತಿಯರ ಮೇಲೆಯೂ ಹೊರಿಸಿತು. ಸಮತೆಯನ್ನು ಸಾಧಿಸುವುದಕ್ಕೆ ಇದೂ ಒಂದು ಉಪಾಯ!

ಇಲ್ಲದಿರುವ ಉದ್ದೇಶವನ್ನು ಇಲ್ಲವೆಂದು ಸಾಧಿಸುವುದು ಎಷ್ಟು ಕಷ್ಟವೆಂಬುದನ್ನು ತರ್ಕಶಾಸ್ತ್ರ ಬಲ್ಲವರಿಗೆ ಹೇಳಬೇಕಾಗಿಲ್ಲ. ಹಿರಿಯರು ನೋಡಿ ಗೊತ್ತುಮಾಡುವ ಮದುವೆಯಲ್ಲಿ ಇದು ಇನ್ನೂ ಕಷ್ಟ. ವರನು ಎಲ್ಲಿದ್ದಾನೆ, ಏನು ಸಂಪಾದಿಸುತ್ತಾನೆ, ಹೆಣ್ಣು ಅಲ್ಲಿ ಸುಖವಾಗಿರುವಳೇ ಎಂದು ಮೊದಲು ವಿಚಾರಿಸುವುದು ಕನ್ನಡನಾಡಿನ ತಂದೆತಾಯಿಗಳ ಕರ್ತವ್ಯ. ಅದೇ ವಿಚಾರಣೆಯು ಅಧಿಕಾರಿಯ ಕಡತದಲ್ಲಿ ಸಂಶಯಕ್ಕೆ ಆಧಾರವಾಗುತ್ತಿತ್ತು. ವಧೂವರರು ಹಿಂದೆ ಎಷ್ಟು ಸಲ ಭೇಟಿಯಾಗಿದ್ದರು, ಎಷ್ಟು ಪತ್ರ ಬರೆದುಕೊಂಡಿದ್ದರು ಎಂಬ ಪ್ರಶ್ನೆಗಳಿಗೆ, ನಿಶ್ಚಿತಾರ್ಥದ ದಿನವೇ ಒಬ್ಬರ ಮುಖವನ್ನೊಬ್ಬರು ನೋಡಿದವರು ಏನು ಉತ್ತರ ಕೊಟ್ಟಾರು? ಶಾಕುಂತಲ ನಾಟಕವನ್ನು ಪಾಠ ಹೇಳುವವರಿಗೆ ಈ ದೃಶ್ಯವು ಹೊಸದಲ್ಲ. ದುಷ್ಯಂತನ ಸಭೆಯಲ್ಲಿ ನಿಂತವಳ ಮಾತಿಗೆ ಬೆಲೆಯಿಲ್ಲ, ಬೆರಳಿನ ಉಂಗುರಕ್ಕೆ ಬೆಲೆ. ಉಂಗುರವು ನೀರಿನಲ್ಲಿ ಬಿದ್ದಿದ್ದರೆ ವಿವಾಹವೇ ಇಲ್ಲ. ಈಗ ಉಂಗುರದ ಸ್ಥಾನಕ್ಕೆ ಛಾಯಾಚಿತ್ರಗಳೂ ಇಬ್ಬರ ಹೆಸರಿನ ಬ್ಯಾಂಕಿನ ಲೆಕ್ಕವೂ ಬಂದಿವೆ. ಕಪಟಿಗಳು ಇವನ್ನು ಮೊದಲೇ ಸಿದ್ಧಮಾಡಿಕೊಳ್ಳುತ್ತಾರೆ. ಇಲ್ಲದೆ ಸಿಕ್ಕಿಕೊಳ್ಳುವವರು ಮುಗ್ಧರೇ.

ಬ್ರಿಟನ್ನು ೧೯೯೭ರಲ್ಲಿ ಈ ಮುಖ್ಯೋದ್ದೇಶದ ನಿಯಮವನ್ನು ಕೈಬಿಟ್ಟಿತು. ಸಂಬಂಧವು ನಿಜವಾದುದೇ, ಊರ್ಜಿತವಾಗಿ ನಡೆಯುತ್ತಿದೆಯೇ ಎಂಬ ಪ್ರಶ್ನೆ ಉಳಿಯಿತು. ಮುಂದೆ ೨೦೧೨ರಲ್ಲಿ, ಗಂಡನನ್ನೋ ಹೆಂಡತಿಯನ್ನೋ ಕರೆಸಿಕೊಳ್ಳುವವರಿಗೆ ವರ್ಷಕ್ಕೆ ೧೮,೬೦೦ ಪೌಂಡುಗಳ ವರಮಾನವಿರಬೇಕೆಂದು ವಿಧಿಸಲಾಯಿತು. ೨೦೨೪ರಲ್ಲಿ ಅದನ್ನು ೨೯,೦೦೦ಕ್ಕೆ ಏರಿಸಿದರು. ಮನಸ್ಸನ್ನು ತೂಗಲಾರದೆ ಹಣದ ಚೀಲವನ್ನು ತೂಗಿದರೆಂದರೆ ತಪ್ಪಾಗದು.

ಭಾರತದ ಪೌರತ್ವ ಕಾಯಿದೆಯು ೧೯೫೫ರಲ್ಲಿ ಮೊದಲು ರಚಿತವಾದಾಗ ವಿವಾಹದ ಮೂಲಕ ಪೌರತ್ವಕ್ಕೆ ನೋಂದಾಯಿಸಿಕೊಳ್ಳುವ ಹಕ್ಕನ್ನು ಭಾರತೀಯರ ಪತ್ನಿಯರಿಗೆ ಮಾತ್ರ ಕೊಟ್ಟಿತ್ತು. ಭಾರತೀಯ ಸ್ತ್ರೀಯ ಕೈಹಿಡಿದು ಬಂದ ಗಂಡಸಿಗೆ ಆ ದಾರಿಯಿರಲಿಲ್ಲ. ಆ ಭೇದವು ೧೯೮೬ರ ತಿದ್ದುಪಡಿಯಲ್ಲಿ ಹೋಯಿತು. ಈಗ ಗಂಡಾಗಲಿ ಹೆಣ್ಣಾಗಲಿ ಏಳು ವರ್ಷ ಇಲ್ಲಿ ವಾಸಮಾಡಿದ ಮೇಲೆ ಅರ್ಜಿ ಹಾಕಿಕೊಳ್ಳಬಹುದು. ಗಂಡಸೂ ಹೆಂಡತಿಯ ಮೂಲಕ ಒಂದು ಸಮುದಾಯಕ್ಕೆ ಸೇರಬಹುದೆಂಬುದನ್ನು ಒಕ್ಕಪರಿಜೆಯು ಅದಕ್ಕೆ ಎಷ್ಟೋ ಹಿಂದೆಯೇ ಒಪ್ಪಿಕೊಂಡಿತ್ತು.

ಇಲ್ಲಿಯವರೆಗೆ ಹೇಳಿದುದು ಇಬ್ಬರೂ ಕೂಡಿ ಸರ್ಕಾರವನ್ನು ವಂಚಿಸುವ ವಿವಾಹಗಳ ಮಾತು. ಒಬ್ಬರು ಇನ್ನೊಬ್ಬರನ್ನು ವಂಚಿಸುವುದು ಇದಕ್ಕಿಂತ ಕ್ರೂರವಾದುದು. ಕನ್ನಡದ ಮನೆಗಳಿಗೆ ಹೆಚ್ಚಾಗಿ ತಟ್ಟುವುದೂ ಇದೇ. ಪರದೇಶದಲ್ಲಿ ಉದ್ಯೋಗದಲ್ಲಿರುವ ವರನು ರಜೆಯಲ್ಲಿ ಬಂದು ಮದುವೆಯಾಗಿ, ಅನುಮತಿಪತ್ರ ಬಂದೊಡನೆ ಕರೆಸಿಕೊಳ್ಳುವೆನೆಂದು ಹೇಳಿ 떠ಹೋಗದೆ ಇರಲಾರದವನಂತೆ ಹೊರಟುಹೋಗಿ ಮತ್ತೆ ಸುದ್ದಿಯೇ ಇಲ್ಲದಂತಾಗುವುದುಂಟು. ಒಂದು ಸಮ್ಮತಿಯು ಮುಖ್ಯ ಸಂಗತಿಯೊಂದನ್ನು ಮರೆಮಾಡಿ ಪಡೆದುದಾದರೆ ಅಂತಹ ವಿವಾಹವನ್ನು ರದ್ದುಮಾಡಿಸಲು ೧೯೫೫ರ ಹಿಂದೂ ವಿವಾಹ ಕಾಯಿದೆಯ ೧೨ನೆಯ ವಿಧಿಯಲ್ಲಿ ಅವಕಾಶವಿದೆ. ಆದರೆ ವಂಚನೆಯು ತಿಳಿದ ಒಂದು ವರ್ಷದೊಳಗೆ ಅರ್ಜಿ ಹಾಕಬೇಕು. ಕಾದು ಕುಳಿತವಳಿಗೆ ಕಾಯುವಿಕೆ ಯಾವಾಗ ಮುಗಿದು ವಂಚನೆ ಯಾವಾಗ ಆರಂಭವಾಯಿತೆಂದು ತಿಳಿಯುವುದು ಸುಲಭವಲ್ಲ. ಪರದೇಶವಾಸಿಗಳ ವಿವಾಹವನ್ನು ಮೂವತ್ತು ದಿನಗಳೊಳಗೆ ನೋಂದಾಯಿಸಬೇಕೆಂಬ ಮಸೂದೆಯೊಂದು ೨೦೧೯ರಲ್ಲಿ ರಾಜ್ಯಸಭೆಯ ಮುಂದೆ ಬಂದಿತು. ೨೦೨೪ರ ಫೆಬ್ರವರಿಯಲ್ಲಿ ಕಾನೂನು ಆಯೋಗವು ತನ್ನ ೨೮೭ನೆಯ ವರದಿಯಲ್ಲಿ ಈ ವಿಷಯಕ್ಕೆ ವಿಸ್ತಾರವಾದ ಕಾಯಿದೆಯೇ ಬೇಕೆಂದು ಸಲಹೆ ಮಾಡಿತು.

ನೋಂದಣಿಯ ಮಾತು ಬಂದಾಗ ಕೊಡವರ ಮದುವೆಗೆ ಒಂದು ವಿಶೇಷವಾದ ತೊಡಕುಂಟು. ಹಿಂದೂ ವಿವಾಹವೆಂದರೆ ಸಪ್ತಪದಿಯೆಂದು ಪರದೇಶದ ಅಧಿಕಾರಿಯು ಪುಸ್ತಕದಲ್ಲಿ ಓದಿರಬಹುದು. ಕೊಡವ ಮದುವೆಯ ಚಿತ್ರಗಳಲ್ಲಿ ಅವನಿಗೆ ಅಗ್ನಿಯೂ ಕಾಣದು, ಪುರೋಹಿತನೂ ಕಾಣನು. ಆದರೆ ಕಾಯಿದೆಯ ೭ನೆಯ ವಿಧಿಯು ವಧೂವರರಲ್ಲಿ ಯಾರಾದರೊಬ್ಬರ ಕಡೆಯ ರೂಢಿಯ ವಿಧಿಗಳಿಂದ ವಿವಾಹವು ನಡೆಯಬಹುದೆಂದು ಸ್ಪಷ್ಟವಾಗಿ ಹೇಳುತ್ತದೆ. ಆ ರೂಢಿಯಲ್ಲಿ ಸಪ್ತಪದಿಯು ಸೇರಿದ್ದರೆ ಮಾತ್ರ ಏಳನೆಯ ಹೆಜ್ಜೆಗೆ ವಿವಾಹವು ಪೂರ್ಣವಾಗುತ್ತದೆ. ೧೯೧೩ರಲ್ಲಿ ದಕ್ಷಿಣ ಆಫ್ರಿಕದಲ್ಲಿ ನಡೆದ ತಪ್ಪು ಮರುಕಳಿಸದಂತೆ ಕಾಯುವುದು ಈ ವಾಕ್ಯವೇ. ಸರ್ವೋಚ್ಚ ನ್ಯಾಯಾಲಯವು ೨೦೦೬ರಲ್ಲಿ ಎಲ್ಲ ವಿವಾಹಗಳೂ ಕಡ್ಡಾಯವಾಗಿ ನೋಂದಣಿಯಾಗಬೇಕೆಂದು ನಿರ್ದೇಶಿಸಿದ ಮೇಲೆ ಮಡಿಕೇರಿಯ ದಂಪತಿಗಳಿಗೂ ಆ ಪ್ರಮಾಣಪತ್ರವು ದೊರೆಯುತ್ತದೆ. ಅದರಲ್ಲಿ ದಿನಾಂಕವಿದೆ, ಸ್ಥಳವಿದೆ, ಸಾಕ್ಷಿಗಳ ರುಜುವಿದೆ. ಅರುವರು ಏನು ಕೇಳಿದರು, ಏನು ಒಪ್ಪಿಕೊಂಡರು ಎಂಬುದಕ್ಕೆ ಅದರಲ್ಲಿ ಜಾಗವಿಲ್ಲ.

ಹೊಣೆಯ ವಿಷಯದಲ್ಲಿ ಮಾತ್ರ ಅಮೆರಿಕದ ಕಾನೂನು ಅರುವನ ಕಡೆಗೆ ಒಂದು ಹೆಜ್ಜೆ ಬಂದಿದೆಯೆನ್ನಬಹುದು. ೧೯೮೬ರ ಕಾಯಿದೆಯಂತೆ, ಮದುವೆಯಾಗಿ ಎರಡು ವರ್ಷ ತುಂಬುವ ಮೊದಲು ಬಂದವರಿಗೆ ದೊರೆಯುವುದು ಎರಡು ವರ್ಷಗಳ ಷರತ್ತಿನ ವಾಸದ ಹಕ್ಕು. ಅವಧಿ ಮುಗಿಯುವ ಮುಂಚಿನ ತೊಂಬತ್ತು ದಿನಗಳೊಳಗೆ ಗಂಡಹೆಂಡಿರಿಬ್ಬರೂ ಕೂಡಿ ಅರ್ಜಿ ಹಾಕಿದರೆ ಷರತ್ತು ಹೋಗುತ್ತದೆ. ಕಪಟವು ಸಿದ್ಧವಾದರೆ ಐದು ವರ್ಷಗಳವರೆಗೆ ಸೆರೆವಾಸ, ಎರಡೂವರೆ ಲಕ್ಷ ಡಾಲರುಗಳವರೆಗೆ ದಂಡ. ಕೂಡಿ ಅರ್ಜಿ ಹಾಕಬೇಕೆಂಬ ಈ ನಿಯಮವು ಹೊಡೆಯುವ ಗಂಡನ ಕೈಗೆ ಇನ್ನೊಂದು ಕೋಲನ್ನು ಕೊಟ್ಟಂತಾಯಿತು. ರುಜು ಹಾಕೆನೆಂದು ಅವನು ಹೆದರಿಸಬಹುದಾಗಿತ್ತು. ೧೯೯೦ರಲ್ಲಿ ಹಿಂಸೆಗೊಳಗಾದವರು ಒಂಟಿಯಾಗಿಯೇ ಅರ್ಜಿ ಹಾಕಲು ಅವಕಾಶವಾಯಿತು. ೧೯೯೬ರ ಕಾನೂನಿನಂತೆ, ಕರೆಸಿಕೊಳ್ಳುವವರು ಬಂದವರ ಜೀವನಕ್ಕೆ ತಾವು ಹೊಣೆಯೆಂದು ಬರೆದುಕೊಡುವ ಪ್ರಮಾಣಪತ್ರವನ್ನು ನ್ಯಾಯಾಸ್ಥಾನದಲ್ಲಿ ಜಾರಿಮಾಡಿಸಬಹುದು. ಆ ಹೊಣೆಯು ವಿಚ್ಛೇದನದಿಂದಲೂ ಬಿಟ್ಟುಹೋಗುವುದಿಲ್ಲ.